ಎಷ್ಟು ದುಡಿಯಬಲ್ಲಿರಿ ಎಂದು ಕೇಳುವ ಕೆಲಸ

ನಾನು ಕೆಲಸ ಮಾಡುತ್ತಿದ್ದ ಕೋಣೆಯಲ್ಲಿ ಮೇಜಿಗಿಂತ ಮೊದಲು ಕಣ್ಣಿಗೆ ಬೀಳುತ್ತಿದ್ದುದು ಒಲೆ. ಸ್ವೀಡನ್ನಿನ ಕಾರ್ಲ್‌ಸ್ಕ್ರೂನಾ ಊರಿನ ಒಂದು ಪುನಶ್ಚೇತನ ಕೇಂದ್ರದ ನೆಲಮಹಡಿಯಲ್ಲಿದ್ದ ಸಾಧಾರಣ ಅಡುಗೆಮನೆ ಅದು. ಕರೆಂಟ್ ಒಲೆ, ಸಿಂಕು, ಫ್ರಿಜ್ಜು, ಕಿಟಕಿಯ ಪಕ್ಕ ಊಟದ ಮೇಜು. ಕಾಯಿಲೆಯಿಂದ ಕೆಲಸ ಬಿಟ್ಟು ಕೂತವರು ಅಲ್ಲಿಗೆ ಬಂದು ಕಾಫಿ ಮಾಡುತ್ತಿದ್ದರು, ಬನ್ನು ಬೇಯಿಸುತ್ತಿದ್ದರು, ಪಾತ್ರೆ ತೊಳೆಯುತ್ತಿದ್ದರು. ನಾನು ಮೂಲೆಯ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದೆ. ಆಮೇಲೆ ಅವರು ದುಡಿಯಬಲ್ಲರೇ, ದುಡಿದರೆ ಎಷ್ಟು ಎಂಬುದನ್ನು ಬರೆದು ವಿಮಾ ಕಚೇರಿಗೆ ಕಳಿಸುತ್ತಿದ್ದೆವು. ಅವರ ಕೈಗೆ ಅನಾರೋಗ್ಯದ ಭತ್ಯೆ ಬರುವುದೂ ನಿಲ್ಲುವುದೂ ಬಹುಮಟ್ಟಿಗೆ ಆ ಬರವಣಿಗೆಯ ಮೇಲೆ ನಿಂತಿರುತ್ತಿತ್ತು.

ಈಚೆಗೆ ಓರೆಬ್ರೂದ ಆಸ್ಪತ್ರೆಯಲ್ಲಿ ಇದೇ ಕೆಲಸಕ್ಕೆ ಸೇರಿದ ಬೆಂಗಳೂರಿನ ಹುಡುಗಿಯೊಬ್ಬಳು ಫೋನು ಮಾಡಿ, ಕೋರ್ಸಿನಲ್ಲಿ ಹೇಳಿಕೊಡದಿರುವುದು ಏನಾದರೂ ಇದ್ದರೆ ಹೇಳಿ ಆಂಟಿ ಎಂದಳು. ಫೋನಿನಲ್ಲಿ ನನಗೆ ನೆಟ್ಟಗೆ ಏನೂ ಹೊಳೆಯಲಿಲ್ಲ. ಚಳಿಗಾಲದಲ್ಲಿ ಮಂಜಿನ ಮೇಲೆ ಜಾರದಂತೆ ಬೂಟಿಗೆ ಹಾಕುವ ಮುಳ್ಳುಪಟ್ಟಿ ಒಳ್ಳೆಯದು ಕೊಂಡುಕೋ ಎಂದು ಹೇಳಿ ಇಟ್ಟುಬಿಟ್ಟೆ. ಇಟ್ಟ ಮೇಲೆ ಒಂದೊಂದೇ ನೆನಪಾಗತೊಡಗಿತು.

ನಮ್ಮ ಊರು ಕುಂದಾಪುರದ ಕಡೆ. ಮುಂಬಯಿಯಲ್ಲಿ ಆಕ್ಯುಪೇಶನಲ್ ಥೆರಪಿ ಓದಿದೆ. ಪೆಟ್ಟಾದವರಿಗೆ, ಕಾಯಿಲೆ ಬಿದ್ದವರಿಗೆ ದಿನನಿತ್ಯದ ಕೆಲಸಗಳನ್ನು ಮತ್ತೆ ಕೈಗೆ ಕೂಡಿಸಿಕೊಡುವ ವಿದ್ಯೆ ಅದು. ಮದುವೆಯಾಗಿ ಸ್ವೀಡನ್ನಿಗೆ ಬಂದು, ಭಾಷೆ ಕಲಿತು, ಇಲ್ಲಿಯ ಪರವಾನಗಿ ಪಡೆಯುವ ಹೊತ್ತಿಗೆ ತಲೆಯಲ್ಲಿ ಒಂದೆರಡು ಬಿಳಿಕೂದಲು ಬಂದಿದ್ದವು. ಕೆಲವು ವರ್ಷ ವೃದ್ಧರ ಆರೈಕೆಯಲ್ಲಿದ್ದು, ಎರಡು ಸಾವಿರದ ದಶಕ ಶುರುವಾದ ಸ್ವಲ್ಪ ಸಮಯಕ್ಕೆ ಈ ಕೇಂದ್ರಕ್ಕೆ ಸೇರಿದೆ. ಅಲ್ಲಿ ನನ್ನ ಮೇಲಿನವರು ಉಲ್ಲಾ-ಬ್ರಿಟ್.

ಎತ್ತರದ ಹೆಂಗಸು, ಮೋಟು ಮಾಡಿಸಿದ ಬೂದುಗೂದಲು, ಹಿಮ ಬಿದ್ದರೂ ಬಿಡದೆ ಸೈಕಲ್ಲಿನಲ್ಲೇ ಬರುತ್ತಿದ್ದರು. ನಮಗೆ ಬಿಳಿ ಕೋಟು ಹಾಕಲು ಬಿಡುತ್ತಿರಲಿಲ್ಲ. ಬಿಳಿ ಕೋಟಿನ ಎದುರು ಯಾರೂ ತಮ್ಮ ಮನೆಯಲ್ಲಿ ಮಾಡುವ ಹಾಗೆ ಕಾಫಿ ಮಾಡುವುದಿಲ್ಲ ಎನ್ನುತ್ತಿದ್ದರು. ಸ್ವೀಡಿಷ್ ಭಾಷೆಯಲ್ಲಿ ಎಲ್ಲರೂ ಎಲ್ಲರನ್ನೂ ನೀನು ಎಂದೇ ಕರೆಯುತ್ತಾರೆ. ಅದನ್ನು ಕನ್ನಡದಲ್ಲಿ ಹಾಗೇ ಇಳಿಸಲು ನನ್ನ ಕೈ ಒಪ್ಪುವುದಿಲ್ಲ. ಆದ್ದರಿಂದ ಇಲ್ಲಿ ನಮ್ಮ ರೂಢಿಯಂತೆ ಬರೆಯುತ್ತಿದ್ದೇನೆ.

ಸೇರಿದ ಮೊದಲ ವಾರದಲ್ಲೇ ಒಂದು ಎಡವಟ್ಟು ಮಾಡಿಕೊಂಡೆ. ಮನೆಗಳ ಮಾಡು ಹೊದಿಸುವ ಕೆಲಸದವರೊಬ್ಬರು ಬಿದ್ದು ಭುಜ ಮುರಿದುಕೊಂಡು ಬಂದಿದ್ದರು. ಕಾಫಿ ಬಗ್ಗಿಸುವಾಗ ಅವರ ಕೈ ನಡುಗಿತು. ನಾನು ಸ್ಟೂಲಿನಿಂದ ಎದ್ದವಳೇ ಜಗ್ಗು ಕಸಿದುಕೊಂಡು ಬಗ್ಗಿಸಿಕೊಟ್ಟೆ. ಎದುರಿಗಿದ್ದವರು ಬಿಸಿ ಪಾತ್ರೆ ಹಿಡಿದು ಒದ್ದಾಡುತ್ತಿದ್ದರೆ ಕೂತು ನೋಡುವ ಅಭ್ಯಾಸ ನಮ್ಮ ಮನೆಯಲ್ಲಿ ಇರಲಿಲ್ಲ. ಆ ಮನುಷ್ಯ ಥ್ಯಾಂಕ್ಸ್ ಹೇಳಿ ಕೂತರು. ಅಲ್ಲಿಗೆ ಆ ದಿನದ ಪರೀಕ್ಷೆ ಹಾಳಾಯಿತು. ಉಲ್ಲಾ-ಬ್ರಿಟ್ ಆಮೇಲೆ ಪಡಸಾಲೆಯಲ್ಲಿ ನನ್ನನ್ನು ನಿಲ್ಲಿಸಿ, ನೀನು ಕಾಫಿ ಬಗ್ಗಿಸಬಲ್ಲೆ ಎಂಬುದು ಇವತ್ತು ಖಚಿತವಾಯಿತು, ಆದರೆ ವಿಮಾ ಕಚೇರಿ ಕೇಳಿದ್ದು ಅದನ್ನಲ್ಲ ಎಂದರು. ಅವರು ಬೈಯುವುದೆಲ್ಲ ಈ ಧಾಟಿಯಲ್ಲೇ. ಆ ಮನುಷ್ಯ ಮತ್ತೊಂದು ದಿನ ಬರಬೇಕಾಯಿತು, ಬಂದು ನನ್ನ ಮುಖ ನೋಡಿ ಗೊಣಗಿದರು. ಗೊಣಗಿದ್ದು ನ್ಯಾಯವೇ.

ಆ ಮೊದಲ ವರ್ಷಗಳಲ್ಲಿ ನನಗೆ ಕಣ್ಣು ತೆರೆಸಿದವಳು ಅನ್ನೆಲಿ. ಮಕ್ಕಳ ಡೇಕೇರ್, ಇಲ್ಲಿ ಎಲ್ಲರೂ ಡಾಗಿಸ್ ಎನ್ನುತ್ತಾರಲ್ಲ, ಅಂಥ ಒಂದು ಕಡೆ ಅಡುಗೆ ಮಾಡುತ್ತಿದ್ದವಳು. ಸೊಂಟದ ನೋವಿನಿಂದ ವರ್ಷಗಟ್ಟಲೆ ರಜೆಯ ಮೇಲಿದ್ದಳು. ಅವಳು ಇನ್ನು ಕೆಲಸಕ್ಕೆ ಮರಳಲಾರಳು ಎಂದು ಡಾಕ್ಟರೂ ಕಚೇರಿಯೂ ಅವಳ ಮನೆಯವರೂ ಒಪ್ಪಿಕೊಂಡಾಗಿತ್ತು. ನಮ್ಮ ಅಡುಗೆಮನೆಗೆ ಬಂದವಳು ಒಲೆ ಹಚ್ಚುವ ಮೊದಲು ಎಲ್ಲವನ್ನೂ ಜಾಗ ಬದಲಿಸಿದಳು. ಕೆಳಗಿನ ಗೂಡಿನಲ್ಲಿದ್ದ ಭಾರದ ಪಾತ್ರೆಗಳನ್ನು ನನ್ನ ಕೈಲಿ ತೆಗೆಸಿ ಮೇಲಿಡಿಸಿದಳು, ಎತ್ತರದ ಸ್ಟೂಲೊಂದನ್ನು ಎಳೆದುಕೊಂಡಳು, ಬೇಕಾದ್ದೆಲ್ಲ ಮೊಳಕೈ ಅಳತೆಯಲ್ಲಿ ಸಿಗುವಂತೆ ಹರಡಿಕೊಂಡಳು. ಆಮೇಲೆ ಬಟಾಣಿ ಸೂಪೂ ಪ್ಯಾನ್‌ಕೇಕೂ ಮಾಡಿ, ನಡುವೆ ಒಮ್ಮೆಯೂ ನಿಲ್ಲದೆ, ಕೇಂದ್ರದ ಎಲ್ಲರಿಗೂ ಊಟ ಹಾಕಿದಳು.

ಅಡುಗೆ ನನಗೆ ಯಾವತ್ತೂ ಕಷ್ಟವಾಗಿರಲಿಲ್ಲ, ಡಾಗಿಸ್‌ನಲ್ಲಿ ನೆಲದ ಹತ್ತಿರದಿಂದ ಹಂಡೆ ಎತ್ತುವುದು ಕಷ್ಟ, ಆದರೆ ಅದನ್ನು ಯಾರೂ ಬಿಡಿಸಿ ಕೇಳಲಿಲ್ಲ ಎಂದಳು. ಉಲ್ಲಾ-ಬ್ರಿಟ್ ಅವತ್ತೇ ಕಮ್ಯೂನಿಗೆ ಫೋನು ಹಚ್ಚಿದರು. ಕಮ್ಯೂನ್ ಎಂದರೆ ಇಲ್ಲಿಯ ಸ್ಥಳೀಯ ಆಡಳಿತ, ಡಾಗಿಸ್ ನಡೆಸುವವರೂ ಅವರೇ. ಹಂಡೆಗಳನ್ನು ಮೇಲೆ ಕೂರಿಸುವುದಕ್ಕೆ ಅವರನ್ನು ಒಪ್ಪಿಸಲು ಚಳಿಗಾಲವೆಲ್ಲ ಹಿಡಿಯಿತು. ಅನ್ನೆಲಿ ಮೊದಲು ಅರ್ಧ ದಿನಕ್ಕೆ, ಆಮೇಲೆ ಮುಕ್ಕಾಲು ದಿನಕ್ಕೆ ಹೋಗತೊಡಗಿದಳು. ಅವಳ ನಂತರ ನಾನು ಬಂದವರನ್ನು ನೋಡುವ ಮೊದಲು ಅವರು ಏನನ್ನು ಎತ್ತುತ್ತಾರೆ, ಎಲ್ಲಿ ನಿಲ್ಲುತ್ತಾರೆ, ಯಾರ ಗದ್ದಲದ ನಡುವೆ ದುಡಿಯುತ್ತಾರೆ ಎಂದು ಕೇಳುವುದನ್ನು ಕಲಿತೆ.

ದಶಕದ ಕೊನೆಯ ವರ್ಷಗಳಲ್ಲಿ ನಿಯಮ ಬದಲಾಯಿತು. ಮೊದಲು ಕಚೇರಿ ಕೇಳುತ್ತಿದ್ದುದು, ಈ ಮನುಷ್ಯ ತನ್ನ ಕೆಲಸಕ್ಕೆ ಮರಳಬಲ್ಲನೇ ಎಂದು. ಹೊಸ ನಿಯಮದಲ್ಲಿ ಕೆಲವು ತಿಂಗಳು ಕಳೆದ ಮೇಲೆ ಪ್ರಶ್ನೆ ದೊಡ್ಡದಾಗುತ್ತಿತ್ತು. ತನ್ನ ಕೆಲಸ ಬಿಡಿ, ಈ ದೇಶದಲ್ಲಿ ಯಾವುದಾದರೂ ಕೆಲಸ ಮಾಡಬಲ್ಲನೇ? ಬಲ್ಲ ಎಂದಾದರೆ ಭತ್ಯೆ ನಿಲ್ಲುತ್ತದೆ, ಉದ್ಯೋಗ ಹುಡುಕುವವರ ಸಾಲಿನಲ್ಲಿ ನಿಲ್ಲಬೇಕು. ರಜೆಯ ಪಟ್ಟಿಯಲ್ಲಿ ಮರೆತುಹೋದವರನ್ನು ಮತ್ತೆ ಜನರ ನಡುವೆ ತರಬೇಕು ಎಂದು ಸರ್ಕಾರ ಹೇಳಿತು. ಅನ್ನೆಲಿಯನ್ನು ಕಂಡಿದ್ದ ನಾನು ಅದನ್ನು ಪೂರಾ ಸುಳ್ಳು ಎನ್ನಲಾರೆ. ಆದರೆ ನಮ್ಮ ಪಡಸಾಲೆಯಲ್ಲಿ ಕಾಯುವವರ ಮುಖವೇ ಬದಲಾಗಿಬಿಟ್ಟಿತು. ಎಲ್ಲರೂ ಪರೀಕ್ಷೆಗೆ ಬಂದವರ ಹಾಗೆ ಕೂರತೊಡಗಿದರು. ಒಬ್ಬರು ಬರುವಾಗ ಎಡಗಾಲು ಕುಂಟಿಕೊಂಡು ಬಂದು, ಹೋಗುವಾಗ ಬಲಗಾಲು ಕುಂಟಿಕೊಂಡು ಹೋದರು. ನಾವು ಕಿಟಕಿಯಿಂದ ನೋಡಿ ನಗುತ್ತಿದ್ದಾಗ ಉಲ್ಲಾ-ಬ್ರಿಟ್ ಬಂದರು. ಹೆದರಿದವರು ಹೀಗೇ ಮಾಡುತ್ತಾರೆ, ಅವರಿಗೆ ನಿಜವಾಗಿಯೂ ಒಂದು ನೋವು ಇದೆ, ಹೆದರಿಕೆಯನ್ನು ಪಕ್ಕಕ್ಕೆ ಸರಿಸಿ ಅದನ್ನು ಹುಡುಕಿ ಎಂದು ಹೇಳಿ ಹೋದರು.

ಅವರು ಮಾರನೆಯ ಬೆಳಗಿನ ಭೇಟಿ ಶುರುಮಾಡಿದ್ದು ಆಗಲೇ. ಅಡುಗೆಮನೆಯಲ್ಲಿ ಪರೀಕ್ಷೆ ಮುಗಿದ ಮರುದಿನ ಬೆಳಿಗ್ಗೆ ನಾವು ಆ ಮನುಷ್ಯನ ಮನೆಗೆ ಹೋಗಿ ಒಂದಷ್ಟು ಹೊತ್ತು ಕೂತು ಬರಬೇಕು. ಕಚೇರಿ ಅದನ್ನು ಕೇಳಿರಲಿಲ್ಲ. ಕೇಂದ್ರದ ಮುಖ್ಯಸ್ಥರು ಇಷ್ಟೆಲ್ಲ ಹೊತ್ತು ಯಾಕೆ ಎಂದು ಆಕ್ಷೇಪಿಸಿದರು.

“ಕೆಲಸ ಅಂದರೆ ನಾಳೆಯೂ ಮಾಡೋದು,” ಎಂದು ಉಲ್ಲಾ-ಬ್ರಿಟ್ ಆ ಮುಖ್ಯಸ್ಥರಿಗೆ ಹೇಳಿದ್ದನ್ನು ನಾನೇ ಕೇಳಿದ್ದೇನೆ. “ಒಂದು ದಿನ ಮಾಡಿ ತೋರಿಸಿದ್ದರ ಬೆಲೆ ಮಾರನೇ ದಿನ ಅವರ ಮನೆಯಲ್ಲಿ ಗೊತ್ತಾಗತ್ತೆ. ಅದನ್ನ ನೋಡದೆ ನಾನು ಸಹಿ ಹಾಕಲ್ಲ.”

ನಮ್ಮವರೆಲ್ಲ ರಘು ಎನ್ನುತ್ತಿದ್ದ ರಾಘವೇಂದ್ರನ ಕಡತ ನಮಗೆ ಬಂದದ್ದು ಆ ದಿನಗಳಲ್ಲಿ. ನನಗಿಂತ ಎಷ್ಟೋ ಚಿಕ್ಕವನು, ಬರೆಯುವಾಗ ಅವನು ಎನ್ನುತ್ತೇನೆ, ಎದುರಿಗೆ ನೀವು ಎಂದೇ ಕರೆದವಳು. ಬೆಂಗಳೂರಿನ ರಾಜಾಜಿನಗರದವನು, ಕಾರ್ಲ್‌ಸ್ಕ್ರೂನಾದ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಎಂಜಿನಿಯರ್. ವರ್ಕ್ ಪರ್ಮಿಟ್ ಮೇಲೆ ಬಂದಿದ್ದ. ಹೆಂಡತಿ ಸುಮನಾ, ಡಾಗಿಸ್‌ಗೆ ಹೋಗುವ ಒಬ್ಬ ಮಗಳು. ಇನ್ನೂ ನಲವತ್ತಾಗದ ಅವನಿಗೆ ಒಂದು ಸಣ್ಣ ಸ್ಟ್ರೋಕ್ ಆಗಿತ್ತು. ಕೈಕಾಲು ಬೇಗ ಸರಿಹೋದವು. ಸ್ಕ್ಯಾನಿನಲ್ಲೂ ಹೆಚ್ಚೇನೂ ಕಾಣಲಿಲ್ಲ. ಕೆಲಸಕ್ಕೆ ಮರಳಿ ಹೋದ, ಕೆಲವೇ ವಾರದಲ್ಲಿ ಮತ್ತೆ ಹಾಸಿಗೆ ಹಿಡಿದ. ವಿಪರೀತ ದಣಿವು ಎಂದು ಡಾಕ್ಟರು ಬರೆದರು. ದಣಿವು ಸ್ಕ್ಯಾನಿನಲ್ಲಿ ಕಾಣುವುದಿಲ್ಲವಲ್ಲ. ವಿಮಾ ಕಚೇರಿಗೆ ಸಂಶಯ ಬಂದು ನಮ್ಮ ಕಡೆ ಕಳಿಸಿತು.

ನಾನು ಉಲ್ಲಾ-ಬ್ರಿಟ್ ಬಳಿ ಹೋಗಿ, ಇವರು ನಮ್ಮ ಭಾಷೆಯವರು, ಒಂದು ಗಣೇಶನ ಹಬ್ಬದಲ್ಲಿ ಪಕ್ಕಪಕ್ಕ ಕೂತು ಊಟ ಮಾಡಿದ್ದೇವೆ, ನಾನು ಪರೀಕ್ಷೆ ಮಾಡುವುದು ಸರಿಯಲ್ಲ ಎಂದೆ. ಅವರು ಯೋಚಿಸಿ, ಪರೀಕ್ಷೆಯನ್ನು ತಾವೇ ಮಾಡುವುದಾಗಿಯೂ ನಾನು ಜೊತೆಗೆ ಕೂತು ನೋಡಬೇಕೆಂದೂ ಹೇಳಿದರು. ರಘುವೂ ಒಪ್ಪಿದ. ದುಭಾಷಿ ಬೇಡ, ನನಗೆ ಸ್ವೀಡಿಷ್ ಸಾಕಷ್ಟು ಬರುತ್ತದೆ ಎಂದು ಮೊದಲೇ ತಿಳಿಸಿದ್ದ.

ಅವನು ಅಡುಗೆಮನೆಯಲ್ಲಿ ಸಿದ್ಧವಾಗುತ್ತಿದ್ದಾಗ ಸುಮನಾ ಪಡಸಾಲೆಯಲ್ಲಿ ನನ್ನ ತೋಳು ಹಿಡಿದುಕೊಂಡಳು.

“ಅಕ್ಕಾ, ಅವರು ಹುಷಾರಾಗಿದ್ದಾರೆ ಅಂತ ಬರೆಸಿಬಿಡಿ. ಪರ್ಮಿಟ್ ರಿನ್ಯೂವಲ್ ಇದೆ. ಕೆಲಸ ಮಾಡಕ್ಕಾಗಲ್ಲ ಅಂತ ಪೇಪರ್ ಮೇಲೆ ಬಂದ್ರೆ ನಮ್ಮನ್ನ ಇಲ್ಲಿ ಇಟ್ಕೋತಾರಾ?”

ಆ ಕೋಣೆಯ ಮುಂದೆ ಅಲ್ಲಿಯವರೆಗೆ ನನ್ನ ಬಳಿ ಬೇಡಿಕೊಂಡವರೆಲ್ಲ, ಆಗುವುದಿಲ್ಲ ಎಂದು ಬರೆಯಿರಿ ಎಂದು ಕೇಳಿದವರೇ. ಆಗುತ್ತದೆ ಎಂದು ಬರೆಸಿ ಎಂದು ಕೇಳಿದವಳು ಅವಳೊಬ್ಬಳೇ. ಪರ್ಮಿಟ್ಟಿನ ವಿಷಯ ಅವಳು ಹೇಳಿದ್ದು ಎಷ್ಟು ಸರಿ ಎಂದು ನನಗೂ ಗೊತ್ತಿರಲಿಲ್ಲ. ಬರೆಯುವವರು ಉಲ್ಲಾ-ಬ್ರಿಟ್, ನೋಡಿದ್ದನ್ನೇ ಬರೆಯುತ್ತಾರೆ ಎಂದಷ್ಟೇ ಹೇಳಿದೆ. ಅವಳು ಕೈ ಬಿಟ್ಟು, ಸ್ವೆಟರಿನ ತೋಳನ್ನು ಬೆರಳ ತುದಿಯವರೆಗೆ ಎಳೆದುಕೊಂಡು ಬೆಂಚಿನ ಮೇಲೆ ಕೂತಳು.

ರಘು ಅವತ್ತು ಚಿತ್ರಾನ್ನ ಮಾಡಿದ. ಒಗ್ಗರಣೆ ಸೀಯಲಿಲ್ಲ, ಅನ್ನ ಮುದ್ದೆಯಾಗಲಿಲ್ಲ. ನಡುನಡುವೆ ಉಲ್ಲಾ-ಬ್ರಿಟ್ ಬೇಕೆಂದೇ ಪ್ರಶ್ನೆ ಕೇಳುತ್ತಿದ್ದರು, ರೇಡಿಯೋ ಹಾಕಿದರು, ಒಮ್ಮೆ ಫೋನು ರಿಂಗಾಗುವಂತೆ ಮಾಡಿದರು. ಅವನು ಫೋನೆತ್ತಿ ಮಾತಾಡಿ, ಒಲೆ ಸಣ್ಣ ಮಾಡಿ, ಕೇಳಿದ್ದಕ್ಕೆ ಚೊಕ್ಕ ಸ್ವೀಡಿಷ್‌ನಲ್ಲಿ ಉತ್ತರ ಕೊಟ್ಟ. ಕಡಲೆಬೀಜ ಯಾಕೆ ಕೊನೆಗೆ ಹಾಕಬೇಕು ಎಂದು ವಿವರಿಸಿ ಅವರನ್ನು ನಗಿಸಿದ. ಪಾತ್ರೆ ತೊಳೆದು, ಕಟ್ಟೆ ಒರೆಸಿ, ಕೈಕುಲುಕಿ ಹೊರಟ. ನನ್ನ ತಂಗಿಯ ಮಗ ಪರೀಕ್ಷೆ ಪಾಸು ಮಾಡಿದಷ್ಟು ಖುಷಿ ನನಗೆ. ಏನೂ ತೊಂದರೆ ಇಲ್ಲ ಅಲ್ಲವೇ ಎಂದು ಉಲ್ಲಾ-ಬ್ರಿಟ್‌ರನ್ನು ಕೇಳಿದೆ. ಅವರು ಚಿತ್ರಾನ್ನದ ತಟ್ಟೆ ಖಾಲಿ ಮಾಡುತ್ತಾ, ನಾಳೆ ನೋಡೋಣ ಎಂದರು.

ಮರುದಿನ ಹತ್ತು ಗಂಟೆಗೆ ಅವರ ಮನೆಗೆ ಹೋದೆವು. ಬರುತ್ತೇವೆಂದು ಮೊದಲೇ ಹೇಳಿದ್ದೆವು, ಆದ್ದರಿಂದ ಎಲ್ಲ ಓರಣವಾಗಿತ್ತು. ಮಗಳನ್ನು ಡಾಗಿಸ್‌ಗೆ ಬಿಟ್ಟಾಗಿತ್ತು. ಮೇಜಿನ ಮೇಲೆ ಕಾಫಿ, ಚಕ್ಕುಲಿ. ರಘು ಇಸ್ತ್ರಿ ಮಾಡಿದ ಶರ್ಟು ತೊಟ್ಟು ತಾನೇ ಬಾಗಿಲು ತೆರೆದು, ನಗುತ್ತಾ ಒಳಗೆ ಕರೆದ. ಕೂತ ಮೇಲೆ ಉಲ್ಲಾ-ಬ್ರಿಟ್ ಸ್ವೀಡಿಷ್‌ನಲ್ಲಿ, ನಿನ್ನೆ ಮನೆಗೆ ಬಂದ ಮೇಲೆ ಏನು ಮಾಡಿದಿರಿ ಎಂದು ಕೇಳಿದರು.

ರಘು ಅವರ ಮುಖವನ್ನೇ ನೋಡುತ್ತಾ, ಆಫೀಸಿನ ಮೀಟಿಂಗಿನಲ್ಲಿ ಮಾತಾಡುವ ಹಾಗೆ ಕೈ ಆಡಿಸುತ್ತಾ ಉತ್ತರ ಹೇಳತೊಡಗಿದ. ಹೇಳಿದ್ದೆಲ್ಲ ಕನ್ನಡದಲ್ಲಿ.

“ಬಂದು ಇಲ್ಲೇ ಸೋಫಾ ಮೇಲೆ ಬಿದ್ದೆ. ಶೂ ಬಿಚ್ಚೋಕೂ ಆಗ್ಲಿಲ್ಲ. ಸುಮನಾ ಲೈಟ್ ಆಫ್ ಮಾಡಿ ಕರ್ಟನ್ ಎಳೆದ್ಲು. ಮಗು ಮಾತಾಡಿದ್ರೆ ನಂಗೆ ತಲೆ ಒಡೆದುಹೋಗತ್ತೆ, ಅದಕ್ಕೆ ಅವಳನ್ನ ಪಕ್ಕದ ಮನೆಗೆ ಕಳಿಸ್ತಾಳೆ. ನಿಮ್ಮ ಕಿಚನ್‌ಗೆ ಬರೋದಿತ್ತಲ್ಲ, ಅದಕ್ಕೇಂತ ಹಿಂದಿನ ವಾರ ಪೂರ್ತಿ ಮಲಗೇ ಇದ್ದೆ. ಒಂದ್ಸಲ ಚೆನ್ನಾಗಿ ಮಾಡಿ ತೋರಿಸಿಬಿಡೋಣ ಅಂತ.”

ಹೇಳಿ ಮುಗಿಸಿ ಕಾಫಿ ಲೋಟ ಎತ್ತಿಕೊಂಡ. ತಾನು ಸ್ವೀಡಿಷ್‌ನಲ್ಲೇ ಮಾತಾಡಿದೆ ಎಂದು ಅವನು ನಂಬಿದ್ದ. ಹಿಂದಿನ ದಿನದ ಶ್ರಮ ಅವನಿಂದ ಆ ಭಾಷೆಯನ್ನು ಅಷ್ಟು ಹೊತ್ತಿಗೆ ಕಿತ್ತುಕೊಂಡಿತ್ತು. ಸ್ವೀಡಿಷ್‌ನಲ್ಲಿ ಹೇಳಲು ಒಂದು ಸಿದ್ಧ ಉತ್ತರ ಇಟ್ಟುಕೊಂಡಿದ್ದನೋ ಏನೋ, ಕನ್ನಡದಲ್ಲಿ ಅಂಥ ಉತ್ತರ ಸಿದ್ಧವಿರಲಿಲ್ಲ.

ಉಲ್ಲಾ-ಬ್ರಿಟ್ ಅರ್ಥವಾದವರ ಹಾಗೆ ತಲೆಯಾಡಿಸುತ್ತಾ ಅವನ ಕಡೆಯೇ ನೋಡುತ್ತಿದ್ದರು. ನನ್ನ ಕಡೆ ತಿರುಗಲಿಲ್ಲ. ಚಕ್ಕುಲಿಯ ತಟ್ಟೆ ಹಿಡಿದು ನಿಂತಿದ್ದ ಸುಮನಾ ಮೆಲ್ಲಗೆ ನನಗೆ ಹೇಳಿದಳು:

“ಅಕ್ಕಾ, ಅದನ್ನ ಅವರಿಗೆ ಹೇಳಬೇಡಿ. ನಿಮ್ಮ ದಮ್ಮಯ್ಯ.”

ಆ ಕೋಣೆಯಲ್ಲಿ ಎರಡೂ ಭಾಷೆ ಸರಿಯಾಗಿ ಬರುತ್ತಿದ್ದವಳು ನಾನೊಬ್ಬಳೇ. ಹೇಳಿದರೆ ಸುಮನಾಳ ಎದುರು ಮತ್ತೆ ನಿಲ್ಲುವ ಹಾಗಿರಲಿಲ್ಲ. ಹೇಳದಿದ್ದರೆ, ಒಂದು ಚಿತ್ರಾನ್ನದ ಬಲದ ಮೇಲೆ ಅವನನ್ನು ಇಡೀ ದಿನದ ಕೆಲಸಕ್ಕೆ ತಳ್ಳುತ್ತಾರೆ, ಅವನು ಮತ್ತೆ ಬೀಳುತ್ತಾನೆ. ಆ ಗಳಿಗೆಯಲ್ಲಿ ನನಗೆ ತೋಚಿದ್ದು ಒಂದೇ. ಆ ಮಾತು ರಘುವಿನದು, ನನ್ನದೂ ಅಲ್ಲ, ಸುಮನಾಳದೂ ಅಲ್ಲ.

“ರಘು, ನೀವು ಈಗ ಕನ್ನಡದಲ್ಲಿ ಮಾತಾಡಿದ್ರಿ,” ಎಂದೆ.

ಅವನು ನಕ್ಕ. “ಇಲ್ಲ ಮೇಡಂ, ಸ್ವೀಡಿಷ್‌ನಲ್ಲೇ...” ಎಂದವನು ಅಲ್ಲಿಗೇ ನಿಲ್ಲಿಸಿ ಹೆಂಡತಿಯ ಮುಖ ನೋಡಿದ.

“ಕನ್ನಡದಲ್ಲೇ ರೀ,” ಎಂದಳು ಸುಮನಾ.

“ನೀವು ಏನು ಹೇಳಿದ್ರಿ ಅಂತ ಅವರಿಗೆ ತಿಳಿದಿಲ್ಲ,” ಎಂದೆ. “ಬೇರೆ ಭಾಷೆಯಲ್ಲಿ ಉತ್ತರ ಕೊಟ್ರಿ ಅನ್ನೋದು ಮಾತ್ರ ಗೊತ್ತಾಗಿದೆ. ನೀವು ಬೇಡ ಅಂದ್ರೆ ನಾನು ಹೇಳೋದಿಲ್ಲ.”

ಅವನು ಲೋಟ ಕೆಳಗಿಟ್ಟು ಎರಡೂ ಅಂಗೈಯಿಂದ ಕಣ್ಣು ಮುಚ್ಚಿಕೊಂಡ. ಸುಮನಾ ತಟ್ಟೆ ಇಟ್ಟು ಅವನ ಪಕ್ಕದಲ್ಲಿ ಕೂತಳು. ಅಷ್ಟು ದಿನ ಅವರಿಬ್ಬರೂ ಸೇರಿ ಹೇಗೆ ನಡೆಸಿಕೊಂಡು ಬಂದಿರಬೇಕು ಎಂದು ನಾನು ಯೋಚಿಸುತ್ತಿದ್ದೆ. ಒಂದು ಫೋನು ಮಾಡುವುದಕ್ಕೆ ಮೊದಲು ಮಲಗುವುದು, ಒಬ್ಬರು ಮನೆಗೆ ಬರುತ್ತಾರೆಂದರೆ ಎರಡು ದಿನ ಕತ್ತಲಲ್ಲಿರುವುದು, ಕನ್ನಡದವರ ಕೂಟಗಳಿಗೆ ಏನೇನೋ ನೆಪ ಹೇಳಿ ತಪ್ಪಿಸಿಕೊಳ್ಳುವುದು. ಅಷ್ಟು ನಿಖರವಾದ ಯೋಜನೆ ಹಾಕಿಕೊಂಡು ಬದುಕಿದವರನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

“ಹೇಳಿ,” ಎಂದ ರಘು, ಕೈ ತೆಗೆಯದೆ.

ನಾನು ಅವನ ಮಾತನ್ನು ಒಂದೂ ಬಿಡದೆ ಸ್ವೀಡಿಷ್‌ನಲ್ಲಿ ಹೇಳಿದೆ. ಪರ್ಮಿಟ್ಟಿನ ಹೆದರಿಕೆಯನ್ನೂ ಸುಮನಾಳನ್ನು ಕೇಳಿ ಸೇರಿಸಿದೆ. ಕೇಳಿ ಮುಗಿದ ಮೇಲೆ ಉಲ್ಲಾ-ಬ್ರಿಟ್ ಪೆನ್ನನ್ನು ಕೆಳಗಿಟ್ಟು ಸುಮನಾಳ ಕಡೆ ತಿರುಗಿದರು. ಅವರು ಹೇಳಿದ್ದನ್ನು ನಾನು ಅವಳಿಗೆ ಕನ್ನಡದಲ್ಲಿ ಹೇಳಿದೆ.

“ನಿನ್ನೆ ಇವರು ಮಾಡಿದ ಅಡುಗೆ ಸುಳ್ಳಲ್ಲ, ಅದನ್ನು ಬರೀತೀನಿ. ಇವತ್ತಿನ ಬೆಳಿಗ್ಗೆನೂ ಸುಳ್ಳಲ್ಲ, ಇದನ್ನೂ ಬರೀತೀನಿ. ಪರ್ಮಿಟ್ ವಿಷಯ ನನಗೆ ಗೊತ್ತಿಲ್ಲ. ವಿಚಾರಿಸಿ ತಿಳಿಸ್ತೀನಿ.”

ಸಮಾಧಾನಕ್ಕೆಂದು ಇಲ್ಲದ ಭರವಸೆ ಕೊಡುವುದು ಅವರ ಜಾಯಮಾನವಲ್ಲ. ಸುಮನಾ ಅವತ್ತು ನನ್ನನ್ನು ಬಾಗಿಲವರೆಗೂ ಬಂದು ಬೀಳ್ಕೊಡಲಿಲ್ಲ.

ಆ ವರದಿ ಬರೆಯಲು ಉಲ್ಲಾ-ಬ್ರಿಟ್ ತೆಗೆದುಕೊಂಡಷ್ಟು ಹೊತ್ತು ಬೇರಾವುದಕ್ಕೂ ತೆಗೆದುಕೊಂಡಿದ್ದಿಲ್ಲ. ಅವನು ಏನನ್ನು ಮಾಡಲಾರ ಎಂಬುದು ಅದರಲ್ಲಿ ಸ್ವಲ್ಪವೇ. ಏನು ಮಾಡಬಲ್ಲ ಎಂಬುದೇ ಹೆಚ್ಚು. ಬೆಳಗಿನ ಹೊತ್ತು, ಸದ್ದಿಲ್ಲದ ಕೋಣೆ, ಒಮ್ಮೆಗೆ ಒಬ್ಬರ ಮಾತು, ಹೇಳುವುದನ್ನು ಬರೆದು ಕೊಡುವುದು, ಮುಗಿದ ಮೇಲೆ ವಿಶ್ರಾಂತಿ. ಹೀಗಿದ್ದರೆ ಅವನ ಕೆಲಸ ಮೊದಲಿನಷ್ಟೇ ಚೊಕ್ಕ ಎಂದು ಬರೆದರು. ಕನ್ನಡದಿಂದ ನಾನು ಹೇಳಿದ ವಾಕ್ಯಗಳನ್ನು ನನ್ನಿಂದ ಮತ್ತೆ ಮತ್ತೆ ಹೇಳಿಸಿ ಸರಿನೋಡಿಕೊಂಡರು. ಬಿಡುವಿನಲ್ಲಿ ಪರ್ಮಿಟ್ಟಿನ ಬಗ್ಗೆ ಫೋನು ಮಾಡುತ್ತಲೇ ಇದ್ದರು. ಉದ್ಯೋಗ ಉಳಿದಿರುವುದು ಮುಖ್ಯ, ಉಳಿದದ್ದು ಅರ್ಜಿ ನೋಡಿ ಹೇಳುತ್ತೇವೆ ಎಂಬುದಕ್ಕಿಂತ ಹೆಚ್ಚೇನೂ ಅವರಿಗೆ ಸಿಗಲಿಲ್ಲ. ಅದನ್ನೇ ಇದ್ದ ಹಾಗೆ ಸುಮನಾಳಿಗೆ ತಿಳಿಸಿದರು. ಆಮೇಲೆ ರಘುವಿನ ಒಪ್ಪಿಗೆ ಪಡೆದು ಅವನ ಟೀಮ್ ಲೀಡರ್ ಮಾಗ್ನುಸ್‌ಗೆ ಫೋನು ಮಾಡಿದರು.

ಎಲ್ಲರೂ ಒಟ್ಟಿಗೆ ಕೂರುವ ಸಭೆ ನಮ್ಮ ಕೇಂದ್ರದಲ್ಲೇ ನಡೆಯಿತು. ವಿಮಾ ಕಚೇರಿಯಿಂದ ಬಂದವನು ಯೂನಸ್ ಎಂಬ ಯುವಕ. ನಿಯಮದಿಂದ ಒಂದು ಗೆರೆ ಆಚೆ ಹೋಗುವವನಲ್ಲ ಎಂದು ಹೆಸರಾಗಿದ್ದ, ನನಗೆ ಅವನನ್ನು ಕಂಡರೆ ಅಷ್ಟಕ್ಕಷ್ಟೆ. ಆದರೆ ಅವನು ವರದಿಯ ಪ್ರತಿ ಪುಟದಲ್ಲೂ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡು ಬಂದಿದ್ದ. ಅಷ್ಟು ಓದಿಕೊಂಡು ಬರುವ ಅಧಿಕಾರಿಗಳು ಕಡಿಮೆ. ಅಡುಗೆಮನೆಯಲ್ಲಿ ಕಂಡದ್ದನ್ನು ನೋಡಿದರೆ ಇವರು ಯಾವುದಾದರೂ ಕೆಲಸ ಪೂರ್ತಿ ದಿನ ಮಾಡಬಲ್ಲರು ಎಂದು ನಾನು ಬರೆಯಬೇಕಾಗುತ್ತದೆ, ಮರುದಿನದ್ದನ್ನು ನೋಡಿದರೆ ಏನೂ ಆಗುವುದಿಲ್ಲ ಎಂದು ಬರೆಯಬೇಕಾಗುತ್ತದೆ, ನಾನು ಯಾವುದನ್ನು ನಂಬಲಿ ಎಂದು ನೇರವಾಗಿ ರಘುವನ್ನೇ ಕೇಳಿದ.

ಸುಮನಾ ಏನೋ ಹೇಳಹೊರಟವಳು ರಘುವಿನ ಕೈ ಮೇಲೆದ್ದುದನ್ನು ಕಂಡು ಸುಮ್ಮನಾದಳು. ರಘು ಸ್ವೀಡಿಷ್‌ನಲ್ಲಿ, ಪ್ರತಿ ಪದಕ್ಕೂ ಕಾದು, ನಿಧಾನವಾಗಿ ಹೇಳಿದ:

“ಬೆಳಿಗ್ಗೆ ಎರಡು ಗಂಟೆ ಹೊತ್ತು ನಾನು ಮೊದಲಿನ ಥರಾನೇ ಕೆಲಸ ಮಾಡಬಲ್ಲೆ. ಆಮೇಲೆ ಆಗಲ್ಲ. ಆಗತ್ತೆ ಅಂತ ತೋರಿಸೋಕೆ ಹೋದರೆ ಮಾರನೇ ದಿನದ ಎರಡು ಗಂಟೆನೂ ಕಳ್ಕೋತೀನಿ.”

ಕಾಯಿಲೆ ಬಿದ್ದ ಮೇಲೆ ಆಗಲ್ಲ ಎಂಬ ಮಾತನ್ನು ಅವನು ಹೊರಗಿನವರ ಮುಂದೆ ಎಚ್ಚರದಲ್ಲಿ ಆಡಿದ್ದು ಅದೇ ಮೊದಲು ಎಂದು ಸುಮನಾ ಆಮೇಲೆ ಹೇಳಿದಳು. ಮಾಗ್ನುಸ್ ಅಲ್ಲಿಯವರೆಗೆ ಕಿಟಕಿಯ ಕಡೆ ನೋಡುತ್ತಾ ಕೂತಿದ್ದ. ರಘು ಬರೆದ ಪ್ರೋಗ್ರಾಮಿಗೆ ಅವನು ಹೋದ ಮೇಲೆ ನಮ್ಮಲ್ಲಿ ಯಾರೂ ಕೈ ಹಾಕಿಲ್ಲ, ಹಾಕಿದ್ದ ಒಬ್ಬ ಅದನ್ನು ಕೆಡಿಸಿಟ್ಟಿದ್ದಾನೆ, ಎಂದ.

“ಎರಡು ಗಂಟೆ ಬರಲಿ. ನಾವು ಉಳಿದವರು ಬಂದು ಗದ್ದಲ ಶುರುಮಾಡೋ ಮುಂಚೆ. ಮೀಟಿಂಗ್‌ಗೆಲ್ಲ ಬರೋದು ಬೇಡ. ನಮಗೂ ಮೀಟಿಂಗ್ ಬೇಡವೇ ಬೇಡ, ಅದು ಬೇರೆ ಮಾತು.”

ಯೂನಸ್ ನಗಲಿಲ್ಲ, ಬರೆದುಕೊಂಡ. ನಿಯಮದಲ್ಲಿ ಕಾಲು ದಿನ ಕೆಲಸ, ಮುಕ್ಕಾಲು ಭತ್ಯೆ ಎಂಬುದಕ್ಕೆ ಜಾಗವಿತ್ತು. ಮೇಲಿನವರನ್ನು ಒಪ್ಪಿಸಬೇಕು, ಮಾತು ಕೊಡಲಾರೆ ಎಂದು ಹೇಳಿ ಹೋದ. ಕೆಲವು ವಾರಗಳ ನಂತರ ಮಂಜೂರಾಗಿ ಬಂತು. ಕಾರಣಗಳನ್ನು ಅವನು ಎಷ್ಟು ಎಚ್ಚರದಿಂದ ಬರೆದಿದ್ದನೆಂದರೆ, ಮುಂದೆ ಯಾರೂ ಅದನ್ನು ಸುಲಭವಾಗಿ ತೆಗೆದುಹಾಕುವ ಹಾಗಿರಲಿಲ್ಲ. ಅವತ್ತಿನಿಂದ ಅವನನ್ನು ಕಂಡರೆ ನಾನು ಕಾಫಿಗೆ ಕರೆಯತೊಡಗಿದೆ. ಬರುತ್ತಿರಲಿಲ್ಲ, ಅದೂ ನಿಯಮವಂತೆ.

ಪರ್ಮಿಟ್ ವಸಂತದಲ್ಲಿ ಬಂತು. ಕಂಪನಿ ಅವನ ಕೆಲಸದ ಒಪ್ಪಂದವನ್ನು ಬದಲಿಸದೆ ಹಾಗೆಯೇ ಕಳಿಸಿತ್ತು, ಜೊತೆಗೆ ಪರಿಸ್ಥಿತಿಯನ್ನು ವಿವರಿಸಿ ಬರೆದಿತ್ತು. ನಾನು ಬಸ್ಸಿನಲ್ಲಿದ್ದಾಗ ಸುಮನಾಳ ಫೋನು. “ಬಂತು ಅಕ್ಕಾ,” ಎಂದಳು. ನಾನು ಇಳಿಯಬೇಕಾದ ಸ್ಟಾಪು ದಾಟಿಹೋಯಿತು.

ಎಲ್ಲರದೂ ಹೀಗೆ ಮುಗಿಯಲಿಲ್ಲ ಎಂಬುದನ್ನು ಈ ಕೆಲಸಕ್ಕೆ ಬರುವವರು ತಿಳಿದಿರಬೇಕು. ಬೆನ್ನುನೋವಿನ ಒಬ್ಬ ಹೆಂಗಸಿಗೆ ನಾವು ಎಷ್ಟು ಬರೆದರೂ ಭತ್ಯೆ ನಿಂತೇಹೋಯಿತು. ಕೋಲು ಊರಿಕೊಂಡು ಉದ್ಯೋಗ ಕಚೇರಿಗೆ ಅಲೆದಳು, ಮೇಲ್ಮನವಿ ಹಾಕಿ ಬಹಳ ಕಾಲ ಕಾದಳು. ಉಲ್ಲಾ-ಬ್ರಿಟ್ ನಿವೃತ್ತರಾಗುವ ವಾರದಲ್ಲೂ ಅವಳ ಪರವಾಗಿ ಕೂತು ಬರೆಯುತ್ತಿದ್ದರು. ಅವರ ಬೀಳ್ಕೊಡುಗೆಯ ಫೀಕಾಗೆ, ಎಂದರೆ ಕಾಫಿಕೂಟಕ್ಕೆ, ಎಲ್ಲರೂ ಕೇಕಿನ ಮುಂದೆ ಕಾಯುತ್ತಿದ್ದರೆ, ಅವರು ಆ ಪುಟ ಮುಗಿಸಿಕೊಂಡು ತಡವಾಗಿ ಬಂದರು. ಅವರು ಹೋದ ಮೇಲೆ ಮಾರನೆಯ ಬೆಳಗಿನ ಭೇಟಿಯನ್ನು ನಿಲ್ಲಿಸಬೇಕೆಂದು ಮಾತು ಬಂತು. ನಾನೂ ಇನ್ನಿಬ್ಬರೂ ಒಪ್ಪಲಿಲ್ಲ. ನಾನು ನಿವೃತ್ತಳಾಗುವವರೆಗೂ ಅದು ನಡೆದುಕೊಂಡು ಬಂತು. ಈಗ ಇದೆಯೋ ಇಲ್ಲವೋ ತಿಳಿಯದು. ಇಲ್ಲವಾದರೆ ನೀವು ಕೇಳಿ, ಜಗಳವಾಡಿಯಾದರೂ ಹೋಗಿ.

ರಘು ಪೂರ್ತಿ ದಿನದ ಕೆಲಸಕ್ಕೆ ಮರಳಲೇ ಇಲ್ಲ. ಎರಡು ಗಂಟೆ ಇದ್ದದ್ದು ನಿಧಾನವಾಗಿ ಅರ್ಧ ದಿನವಾಯಿತು, ಅಲ್ಲಿಗೇ ನಿಂತಿತು. ಸುಮನಾ ಸ್ವೀಡಿಷ್ ಕಲಿತು ಡಾಗಿಸ್ ಒಂದರಲ್ಲಿ ಕೆಲಸಕ್ಕೆ ಸೇರಿದಳು. ಅವರು ಇಲ್ಲಿಯೇ ಉಳಿದರು.

ಒಂದೆರಡು ವರ್ಷ ಕಳೆದ ಮೇಲೆ, ಒಂದು ನವೆಂಬರಿನಲ್ಲಿ, ಬಾಡಿಗೆಗೆ ಹಿಡಿದ ಶಾಲೆಯ ಹಾಲಿನಲ್ಲಿ ನಮ್ಮವರೆಲ್ಲ ರಾಜ್ಯೋತ್ಸವಕ್ಕೆ ಸೇರಿದ್ದೆವು. ರಘು ಮತ್ತು ಸುಮನಾ ಬಹಳ ಕಾಲದ ನಂತರ ಬಂದಿದ್ದರು. ಮಕ್ಕಳ ಹಾಡು, ಮೈಕಿನ ಕಿರುಚಾಟ, ಉದ್ದನೆಯ ಮೇಜಿನಲ್ಲಿ ಊಟ. ಬೆಂಗಳೂರಿನಿಂದ ಆಗಷ್ಟೇ ಬಂದಿದ್ದ ಹುಡುಗನೊಬ್ಬ ಎದುರಿಗೆ ಕೂತು, ನೀವು ಯಾವ ಪ್ರಾಜೆಕ್ಟು ಸರ್, ವರ್ಕ್ ಲೋಡ್ ಹೇಗಿದೆ ಇಲ್ಲಿ, ಎಂದು ರಘುವನ್ನು ಕೇಳಿದ.

“ನಾನು ಅರ್ಧ ದಿನ ಕೆಲಸ ಮಾಡ್ತೀನಿ,” ಎಂದ ರಘು. “ಸ್ಟ್ರೋಕ್ ಆಗಿತ್ತು. ಮಧ್ಯಾಹ್ನ ಮಲಗಬೇಕು. ಈಗಲೂ ಸ್ವಲ್ಪ ಮಲಗ್ಬೇಕು, ಏನೂ ಅನ್ಕೋಬೇಡಿ.”

ಸುತ್ತ ಕೂತವರಲ್ಲಿ ಎಷ್ಟೋ ಜನಕ್ಕೆ ಅದು ಹೊಸ ಸಂಗತಿ. ರಘು ಎದ್ದು, ಎಲ್ಲರೂ ಕೋಟು ಬಿಚ್ಚಿಟ್ಟಿದ್ದ ಕೋಣೆಗೆ ಹೋಗಿ ಬೆಂಚಿನ ಮೇಲೆ ಮಲಗಿದ. ಸುಮನಾ ಹಿಂದೆಯೇ ಹೋಗಿ ತನ್ನ ಕೋಟನ್ನು ಅವನಿಗೆ ಹೊದಿಸಿ, ದೀಪ ಆರಿಸಿ, ಬಾಗಿಲು ಎಳೆದುಕೊಂಡು ಬಂದಳು. ಬಂದು ನನ್ನ ಪಕ್ಕದಲ್ಲಿ ಕೂತು, ಹೋಳಿಗೆಗೆ ಇನ್ನಷ್ಟು ತುಪ್ಪ ಹಾಕಿಸಿಕೊಂಡು, ಯಾವ ಗಡಿಬಿಡಿಯೂ ಇಲ್ಲದೆ ಊಟ ಮಾಡಿದಳು.